ಕಪಿಲೆ ದಾಟಿದ ರೈಲು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ರೈಲು ನಂಜನಗೂಡು ಸೇರಬೇಕಾದರೆ ಕಪಿಲೆಯನ್ನು, ಎಂದರೆ ಕಬಿನಿಯನ್ನು, ದಾಟಲೇಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೈಲ್ವೆ ಎಂಜಿನಿಯರುಗಳು ಈ ಹೊಳೆಯ ದಂಡೆಗೆ ಬಂದಾಗ ಅಲ್ಲಿ ಸೇತುವೆ ಸಿದ್ಧವಾಗಿಯೇ ಇತ್ತು. ಅದಕ್ಕೆ ಆಗಲೇ ನೂರೈವತ್ತು ವರ್ಷ ದಾಟಿತ್ತು. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಸೇತುವೆ ಅದು. ಹಬೆ ಯಂತ್ರಕ್ಕೆ ಹೊಸ ರೂಪ ಕೊಟ್ಟ ಜೇಮ್ಸ್ ವಾಟ್ ಹುಟ್ಟಿದ್ದು ಅದರ ಮರುವರ್ಷ, 1736ರಲ್ಲಿ. ಎತ್ತಿನ ಗಾಡಿ, ಕುದುರೆ, ಪಲ್ಲಕ್ಕಿ, ಕಾಲ್ನಡಿಗೆಯ ಯಾತ್ರಿಕರು ದಾಟಲೆಂದು ಕಟ್ಟಿದ ಆ ಕಲ್ಲುಗಾರೆಯ ಸೇತುವೆಯ ಒಂದು ಮಗ್ಗುಲಿನಲ್ಲಿ ಹಳಿ ಹಾಸಿ, ಅದರ ಮೇಲೆ ರೈಲು ಓಡಿಸಿದರು. ಇನ್ನೊಂದು ಮಗ್ಗುಲಿನಲ್ಲಿ ಗಾಡಿ, ಜನ, ಮುಂದೆ ಬಸ್ಸು, ಲಾರಿ ಎಲ್ಲವೂ ಓಡಾಡಿದವು. 2007ರವರೆಗೂ ಆ ಸೇತುವೆಯ ಮೇಲೆ ರೈಲು ಓಡಿತು. ರಸ್ತೆಯನ್ನೂ ರೈಲನ್ನೂ ಒಟ್ಟಿಗೆ ಹೊತ್ತ ಸೇತುವೆಗಳಲ್ಲಿ ನಮ್ಮ ದೇಶದ ಅತಿ ಹಳೆಯದು ಇದೇ ಎಂಬ ಹೆಗ್ಗಳಿಕೆ ಅದಕ್ಕಿದೆ.

ದಳವಾಯಿ ದೇವರಾಜಯ್ಯ ಕಳಲೆ ಮನೆತನದವರು. ಕಳಲೆ ಇರುವುದು ನಂಜನಗೂಡು ತಾಲ್ಲೂಕಿನಲ್ಲೇ. ಹದಿನೆಂಟನೆಯ ಶತಮಾನದ ನಡುಗಾಲದಲ್ಲಿ ಮೈಸೂರಿನ ಅಧಿಕಾರ ನಿಜವಾಗಿ ಇದ್ದದ್ದು ಅವರ ಮತ್ತು ಅವರ ತಮ್ಮ ಕರಾಚೂರಿ ನಂಜರಾಜಯ್ಯನವರ ಕೈಯಲ್ಲಿ. ಅರಸರನ್ನು ಹೆಸರಿಗಷ್ಟೇ ಉಳಿಸಿದರು ಎಂಬ ಆರೋಪ ಈ ಸಹೋದರರ ಮೇಲೆ ಚರಿತ್ರೆಯಲ್ಲಿ ಖಾಯಂ ಆಗಿ ನಿಂತುಬಿಟ್ಟಿದೆ, ಅದು ಸುಳ್ಳೂ ಅಲ್ಲ. ಆದರೆ ತಮ್ಮ ಸೀಮೆಯ ಹೊಳೆಗೆ ಅವರು ಕಟ್ಟಿಸಿದ ಸೇತುವೆ ಮೈಸೂರು ಸಂಸ್ಥಾನ ಮುಗಿದ ಮೇಲೂ ಬಾಳಿತು. ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದಕ್ಕೆ ಮೊದಲು ಎರಡು ಶತಮಾನಕ್ಕೂ ಹೆಚ್ಚು ಕಾಲ ವಯನಾಡಿನ ಮಳೆಯೆಲ್ಲ ತಡೆಯಿಲ್ಲದೆ ಈ ಕಂಬಗಳ ನಡುವೆಯೇ ಹರಿದುಹೋಯಿತು. ಕಾವೇರಿ ಕಣಿವೆಯಲ್ಲಿ ಹಿರಿಯರು ಬಹುಕಾಲ ನೆನೆಯುತ್ತಿದ್ದ 1924ರ ಮಹಾನೆರೆಯನ್ನೂ ಅದು ತಡೆದುಕೊಂಡಿತು.

ರೈಲಿನ ಚರಿತ್ರೆ ಎಂದರೆ ನಮಗೆ ಸಾಮಾನ್ಯವಾಗಿ ನೆನಪಾಗುವುದು ಅಮೆರಿಕದ ಪಶ್ಚಿಮ ಸೀಮೆ. ಅಲ್ಲಿ ಎಷ್ಟೋ ಕಡೆ ಮೊದಲು ಹಳಿ ಬಂತು, ಆಮೇಲೆ ಊರು. ವಯೋಮಿಂಗಿನ ಶಯೆನ್ ಪಟ್ಟಣ 1867ರಲ್ಲಿ ಎದ್ದದ್ದು ಯೂನಿಯನ್ ಪೆಸಿಫಿಕ್ ಕಂಪನಿಯ ಹಳಿ ಅಲ್ಲಿಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ನೆವಾಡಾದ ರೀನೊ ಪಟ್ಟಣದ ಕತೆ ನಂಜನಗೂಡಿನವರು ಕೇಳಬೇಕಾದದ್ದು. ಅಲ್ಲಿ ಟ್ರಕೀ ಎಂಬ ಹೊಳೆ. ಅದಕ್ಕೆ ಮೈರನ್ ಲೇಕ್ ಎಂಬ ವ್ಯಾಪಾರಿಯ ಸೇತುವೆ. ದಾಟುವವರಿಂದ ಆತ ಸುಂಕ ವಸೂಲು ಮಾಡುತ್ತಿದ್ದ. ಸೆಂಟ್ರಲ್ ಪೆಸಿಫಿಕ್ ರೈಲ್ವೆ ಆ ದಾರಿಯಲ್ಲಿ ಬಂದಾಗ ಆತ ಕಂಪನಿಗೆ ಜಮೀನು ಬಿಟ್ಟುಕೊಟ್ಟ, ಕಂಪನಿ ಅಲ್ಲಿ ಸ್ಟೇಷನ್ ಕಟ್ಟಲು ಒಪ್ಪಿತು. 1868ರ ಮೇ 9ರಂದು ನಿವೇಶನಗಳ ಹರಾಜು ನಡೆದು ರೀನೊ ಎಂಬ ಊರೇ ಹುಟ್ಟಿತು. ಅಲ್ಲೂ ರೈಲಿಗಿಂತ ಮೊದಲು ಹೊಳೆ ಮತ್ತು ಸೇತುವೆ ಇದ್ದವು. ಆದರೆ ರೀನೊಗೆ ರೈಲು ತಾಯಿ. ನಂಜನಗೂಡಿಗೆ ರೈಲು ಸೊಸೆ. ಊರು ಬಾಳಿಕೊಂಡು ಬಂದ ಮನೆಗೆ ಆಮೇಲೆ ಕಾಲಿಟ್ಟವಳು.

ಶ್ರೀಕಂಠೇಶ್ವರನ ಸನ್ನಿಧಿ, ಕಪಿಲೆ–ಕೌಂಡಿನ್ಯೆಯರ ಸಂಗಮ, ದೊಡ್ಡ ಜಾತ್ರೆಯ ಪಂಚರಥ, ಮುಡಿ ಕೊಡುವವರು, ಉರುಳುಸೇವೆಯವರು ಇವೆಲ್ಲ ಇಲ್ಲಿ ರೈಲಿಗಿಂತ ಬಹಳ ಹಿಂದಿನವು. ಮೈಸೂರಿನಿಂದ ಇಲ್ಲಿಗೆ ಸುಮಾರು 24 ಕಿಲೋಮೀಟರು. ಬುತ್ತಿ ಕಟ್ಟಿಕೊಂಡು ಬೆಳಗಿನ ಜಾವ ಹೊರಟರೆ ಹೊತ್ತು ಮುಳುಗುವ ಮೊದಲು ಸೇರಬಹುದಾದ ದೂರ. ಆ ಹಾದಿಯ ಯಾತ್ರಿಕರಿಗಾಗಿಯೇ ಛತ್ರ, ಅರವಟ್ಟಿಗೆ, ಸೋಮನಕಟ್ಟೆಗಳು ಬೆಳೆದವು. ಚಿಕ್ಕಯ್ಯನಛತ್ರ ಇಂದು ನಂಜನಗೂಡು ತಾಲ್ಲೂಕಿನ ಒಂದು ಹೋಬಳಿಯ ಹೆಸರು. ಈ ಜನರ ಓಡಾಟ ಮೊದಲೇ ಇತ್ತು. ರೈಲು ಅದನ್ನು ಹಿಂಬಾಲಿಸಿ ಬಂತು.

ಆ ರೈಲು ಬಂದ ಹಿನ್ನೆಲೆ ಮಾತ್ರ ಸಂತೋಷದ್ದಲ್ಲ. ಮೈಸೂರು ಸೀಮೆಯ ರೈಲಿನ ಬೇರು ಇರುವುದು 1876–78ರ ಧಾತು ಈಶ್ವರ ಬರದಲ್ಲಿ. ಮದರಾಸು ರೈಲ್ವೆಯ ಹಳಿ 1864ರಲ್ಲೇ ಬೆಂಗಳೂರು ದಂಡಿಗೆ ಬಂದು ನಿಂತಿತ್ತು. ಬರದ ಕಾಲದಲ್ಲಿ ಹೊರಗಿನ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂತು. ಅಲ್ಲಿಂದ ಮುಂದೆ ಹಳ್ಳಿಗಳಿಗೆ ಸಾಗಿಸಬೇಕಾದದ್ದು ಎತ್ತಿನ ಗಾಡಿಗಳು. ಮೇವು ನೀರಿಲ್ಲದೆ ಎತ್ತುಗಳೇ ಸತ್ತುಹೋಗುತ್ತಿದ್ದಾಗ ಗಾಡಿ ಎಳೆಯುವವರು ಯಾರು? ಒಂದು ಕಡೆ ಮೂಟೆಗಳ ರಾಶಿ, ಇನ್ನೊಂದು ಕಡೆ ಹಸಿದು ಸಾಯುವ ಜನ. ಸಂಸ್ಥಾನ ಲಕ್ಷಾಂತರ ಪ್ರಜೆಗಳನ್ನು ಕಳೆದುಕೊಂಡಿತು. ಬೆಂಗಳೂರು–ಮೈಸೂರು ನಡುವಿನ 86 ಮೈಲಿಯ ಮೀಟರ್‌ಗೇಜ್ ದಾರಿಯ ಕೆಲಸ ಬರಪರಿಹಾರದ ಕಾಮಗಾರಿಯಾಗಿ ಆರಂಭವಾಯಿತು. ಏರಿಗೆ ಮಣ್ಣು ಹೊತ್ತವರಲ್ಲಿ ಹೊಟ್ಟೆಗಿಲ್ಲದೆ ಊರು ಬಿಟ್ಟು ಬಂದವರು ಅನೇಕರಿದ್ದರು. 1881ರಲ್ಲಿ ಅಧಿಕಾರ ಮತ್ತೆ ಒಡೆಯರ ಕೈಗೆ ಬಂತು, ರಂಗಾಚಾರ್ಲು ದಿವಾನರಾದರು, 1882ರಲ್ಲಿ ರೈಲು ಮೈಸೂರು ಮುಟ್ಟಿತು. ಹವಾನಿಯಂತ್ರಿತ ಬೋಗಿಯಲ್ಲಿ ಕುಳಿತು ಮದ್ದೂರು, ಮಂಡ್ಯ ದಾಟುವಾಗ ನಾವು ಆ ಜನರನ್ನು ನೆನೆಯುವುದು ಕಡಿಮೆ. ನೆನೆಯಬೇಕು.

ಬರ ಕಲಿಸಿದ ಪಾಠವನ್ನು ಸಂಸ್ಥಾನ ಮರೆಯಲಿಲ್ಲ, ಆದರೆ ಬೊಕ್ಕಸದಲ್ಲಿ ಹಣವಿರಲಿಲ್ಲ. ಬರಕ್ಕೆ ಮಾಡಿದ ಸಾಲವೇ ಹೆಗಲ ಮೇಲಿತ್ತು. ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1886ರಲ್ಲಿ, ರೈಲಿನ ಆಡಳಿತವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಿ, ಅದರ ಮೂಲಕ ಇಂಗ್ಲೆಂಡಿನಲ್ಲಿ ಸಾಲ ಎತ್ತಿ ಬೆಂಗಳೂರು–ಹರಿಹರ ದಾರಿಯನ್ನು ಪೂರೈಸುವ ಏರ್ಪಾಡು ಮಾಡಿದರು. ಅದೇ ದಿವಾನರ ಕಾಲದಲ್ಲಿ, ಚಾಮರಾಜೇಂದ್ರ ಒಡೆಯರು ಆಳುತ್ತಿದ್ದಾಗ, 1891ರಲ್ಲಿ ಮೈಸೂರು–ನಂಜನಗೂಡು ದಾರಿ ತೆರೆಯಿತು. ರಾಜಧಾನಿಯ ದಕ್ಷಿಣಕ್ಕೆ ಹೊರಟ ಮೊದಲ ಹಳಿ ಇದು. ನಂಜನಗೂಡನ್ನೇ ಏಕೆ ಆರಿಸಿದರು ಎಂದು ಹೆಚ್ಚು ಹುಡುಕಬೇಕಾಗಿಲ್ಲ. ಅರಮನೆ ಭಕ್ತಿಯಿಂದ ನಡೆದುಕೊಳ್ಳುತ್ತಿದ್ದ ದೇವಸ್ಥಾನ, ವರ್ಷವಿಡೀ ಯಾತ್ರಿಕರು, ಗುಂಡ್ಲುಪೇಟೆಯ ಮೇಲೆ ನೀಲಗಿರಿಗೂ ವಯನಾಡಿಗೂ ಹೋಗುವ ಹೆದ್ದಾರಿ, ಜೊತೆಗೆ ದಾಟಲು ಸಿದ್ಧವಾಗಿ ನಿಂತಿದ್ದ ಸೇತುವೆ.

ಹಳೆಯ ಸೇತುವೆ ರೈಲಿನ ಭಾರವನ್ನು ಹೇಗೆ ತಡೆದುಕೊಂಡಿತು ಎಂದು ಅನೇಕರು ಕೇಳುತ್ತಾರೆ. ಇದರಲ್ಲಿ ಪವಾಡವೇನಿಲ್ಲ, ಒಳ್ಳೆಯ ಕಟ್ಟಡದ ಲೆಕ್ಕವಿದೆ. ಸೇತುವೆಗೆ ರೈಲಿನ ಒಟ್ಟು ತೂಕಕ್ಕಿಂತ ಒಂದೊಂದು ಅಚ್ಚಿನ ಮೇಲೆ ಬೀಳುವ ತೂಕ ಮುಖ್ಯ. ಮೀಟರ್‌ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1,000 ಮಿಲಿಮೀಟರು. ಸ್ವಾತಂತ್ರ್ಯಾನಂತರ ಈ ದಾರಿಗಳಲ್ಲಿ ಓಡಿದ ವೈಪಿ, ವೈಜಿ ಎಂಜಿನುಗಳಲ್ಲಿಯೂ ಒಂದು ಅಚ್ಚಿನ ಮೇಲಿನ ಭಾರ ಹತ್ತೂವರೆ ಟನ್ನಿನ ಆಸುಪಾಸು. ಮೊದಮೊದಲ ಎಂಜಿನುಗಳು ಅದಕ್ಕಿಂತಲೂ ಹಗುರ. ಇತ್ತ ಸೇತುವೆಯ ಕಂಬಗಳು ಒತ್ತೊತ್ತಾಗಿ ನಿಂತಿವೆ. ಒಂದು ಕಂಬದಿಂದ ಇನ್ನೊಂದಕ್ಕೆ ಅಂತರ ಕಡಿಮೆ ಇದ್ದಷ್ಟೂ ನಡುವಿನ ಭಾಗ ಬಗ್ಗುವ ಭಯ ಕಡಿಮೆ. ಕಲ್ಲುಗಾರೆಯ ಕೆಲಸಕ್ಕೆ ಮೇಲಿನಿಂದ ಬೀಳುವ ಒತ್ತಡವನ್ನು ತಡೆಯುವ ಶಕ್ತಿ ಹೆಚ್ಚು. ಎಳೆತವನ್ನು, ಬಾಗುವಿಕೆಯನ್ನು ತಡೆಯುವ ಶಕ್ತಿ ಕಡಿಮೆ. ಒತ್ತೊತ್ತಾದ ಗಿಡ್ಡ ಕಂಬಗಳ ಸೇತುವೆಯಲ್ಲಿ ಭಾರವೆಲ್ಲ ನೇರವಾಗಿ ಕೆಳಕ್ಕಿಳಿದು ಹೊಳೆಯ ತಳ ಸೇರುತ್ತದೆ. ದೇವರಾಜಯ್ಯನವರ ಒಡ್ಡರು, ಕಲ್ಲುಕುಟಿಗರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿರಲಿಕ್ಕಿಲ್ಲ, ಕೈಯ ಅನುಭವದಿಂದ ಬಲ್ಲವರಾಗಿದ್ದರು. ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ.

1891ರಿಂದ 1926ರವರೆಗೆ, ಮೂವತ್ತೈದು ವರ್ಷ, ನಂಜನಗೂಡು ರೈಲಿನ ಕೊನೆ. ಈ ಕಾಲದ ಮಹತ್ವವನ್ನು ನಾವು ಸಾಕಷ್ಟು ಗುರುತಿಸಿಲ್ಲ ಎಂದು ನನಗನ್ನಿಸುತ್ತದೆ. ರೈಲು ಹಾದುಹೋಗುವ ಊರಿಗೂ ರೈಲು ಮುಗಿಯುವ ಊರಿಗೂ ಬಹಳ ವ್ಯತ್ಯಾಸ. ಹಾದುಹೋಗುವ ಊರಿನಲ್ಲಿ ಜನ ಕಿಟಕಿಯಿಂದ ಗೋಪುರಕ್ಕೆ ಕೈಮುಗಿದು ಮುಂದೆ ಸಾಗುತ್ತಾರೆ. ಕೊನೆಯ ಸ್ಟೇಷನ್ನಿನಲ್ಲಿ ಎಲ್ಲರೂ ಇಳಿಯಲೇಬೇಕು, ಸರಕನ್ನೆಲ್ಲ ಇಳಿಸಲೇಬೇಕು. ಉದಕಮಂಡಲಕ್ಕೆ ಬೆಟ್ಟದ ರೈಲು ಮುಟ್ಟಿದ್ದು 1908ರಲ್ಲಿ. ಮೈಸೂರಿನ ಕಡೆಯಿಂದ ಗುಂಡ್ಲುಪೇಟೆ, ಗೂಡಲೂರಿನ ಹಾದಿಯಲ್ಲಿ ನೀಲಗಿರಿಗೆ ಹೊರಟವರಿಗೂ, ಕೊಳ್ಳೇಗಾಲ, ಚಾಮರಾಜನಗರದ ಕಡೆ ಹೊರಟವರಿಗೂ ಇಲ್ಲಿಂದ ಮುಂದೆ ಗಾಡಿಯೇ ಗತಿ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಸದ್ವೈದ್ಯಶಾಲೆಯನ್ನು ಆರಂಭಿಸಿದಾಗ ಊರು ರೈಲಿನ ಕೊನೆಯ ನಿಲ್ದಾಣವಾಗಿಯೇ ಇತ್ತು. ನಂಜನಗೂಡು ಹಲ್ಲುಪುಡಿ ಎಂಬ ಹೆಸರು ಕನ್ನಡ ನಾಡಿನ ಮನೆಮನೆಯ ಬಚ್ಚಲ ಗೂಡಿಗೆ ಹೋಗಿ ಕುಳಿತದ್ದು ಔಷಧದ ಗುಣದಿಂದ ಹೌದು; ಹೊರಗಿನ ಊರುಗಳಿಗೆ ಸರಕು ಕಳುಹಿಸಲು ರೈಲು ಬಾಗಿಲಲ್ಲೇ ಇದ್ದ ಅನುಕೂಲವೂ ಸಣ್ಣದಲ್ಲ.

1919ರಲ್ಲಿ ಮೈಸೂರು ಸರ್ಕಾರ ಬೆಂಗಳೂರು–ಮೈಸೂರು–ನಂಜನಗೂಡು ದಾರಿಯನ್ನು ಕಂಪನಿಯಿಂದ ಬಿಡಿಸಿಕೊಂಡು ತಾನೇ ನಡೆಸತೊಡಗಿತು. ಅಲ್ಲಿಂದ ಏಳೇ ವರ್ಷದಲ್ಲಿ ಎರಡು ದೊಡ್ಡ ಕೆಲಸಗಳಾದವು. 1924ರಲ್ಲಿ ಇದೇ ದಾರಿಯ ಪಕ್ಕದಲ್ಲಿ, ಮೈಸೂರಿನ ದಕ್ಷಿಣ ಅಂಚಿನ ಅಶೋಕಪುರಂ ಭಾಗದಲ್ಲಿ, ರೈಲ್ವೆ ಕಾರ್ಯಾಗಾರ ಬಂತು. 1926ರಲ್ಲಿ ಹಳಿ ನಂಜನಗೂಡನ್ನು ದಾಟಿ ಕವಲಂದೆ, ಬದನಗುಪ್ಪೆಯ ಮೇಲೆ ಚಾಮರಾಜನಗರ ಸೇರಿತು. ಮೈಸೂರಿನಿಂದ ಒಟ್ಟು 61 ಕಿಲೋಮೀಟರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರಾದ ಅರಿಕುಠಾರಕ್ಕೆ ಚಾಮರಾಜನಗರವೆಂದು ಹೆಸರಿಟ್ಟಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆ ಊರಿಗೆ ರೈಲು ಬಂತು. ಮರುವರ್ಷ, 1927ರಲ್ಲಿ, ಗಾಂಧೀಜಿ ಈ ಭಾಗದ ಬದನವಾಳು ಖಾದಿ ಕೇಂದ್ರಕ್ಕೆ ಭೇಟಿ ಕೊಟ್ಟರು. ರೈಲು ಮತ್ತು ರಾಟೆ ಒಂದೇ ಸೀಮೆಯಲ್ಲಿ, ಒಂದೇ ಕಾಲದಲ್ಲಿ ತಿರುಗುತ್ತಿದ್ದವು.

ಚಾಮರಾಜನಗರದಿಂದ ಮುಂದೆ? ಈ ಪ್ರಶ್ನೆಗೆ ಸುಮಾರು ನೂರು ವರ್ಷದಿಂದ ಉತ್ತರವಿಲ್ಲ. ಸತ್ಯಮಂಗಲದ ಕಾಡು ಇಳಿದು ತಮಿಳುನಾಡಿನ ಬಯಲು ಸೇರುವ ದಾರಿಯ ಪ್ರಸ್ತಾವ ಬ್ರಿಟಿಷರ ಕಾಲದಿಂದಲೂ ಇದೆ. ಹಳಿ ಮಾತ್ರ 1926ರಲ್ಲಿ ನಿಂತಲ್ಲೇ ನಿಂತಿದೆ.

ಸ್ವಾತಂತ್ರ್ಯದ ನಂತರದ ಆಡಳಿತದ ಬದಲಾವಣೆಗಳನ್ನು ಬೇಗ ಹೇಳಿಬಿಡಬಹುದು. 1950ರಲ್ಲಿ ಮೈಸೂರು ರೈಲ್ವೆ ಭಾರತ ಸರ್ಕಾರದ ಕೈಸೇರಿತು, 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿದೆ. ಪ್ರಯಾಣಿಕರಿಗೆ ಹೆಚ್ಚು ತಟ್ಟಿದ ಬದಲಾವಣೆ ಬೇರೆ. ಬಸ್ಸುಗಳು ಬಂದವು. ಊರ ಬಾಗಿಲಿನಿಂದ ಊರ ಬಾಗಿಲಿಗೆ, ಕೈ ಚಾಚಿದಲ್ಲಿ ನಿಲ್ಲುವ ಬಸ್ಸಿನ ಮುಂದೆ ದಿನಕ್ಕೆ ಕೆಲವೇ ಬಾರಿ ಬರುವ ರೈಲು ಸೋತಿತು. 1990ರ ದಶಕದಲ್ಲಿ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಕೆಲಸ ಶುರುವಾಗಿ ಬೆಂಗಳೂರು–ಮೈಸೂರು ದಾರಿ ಬ್ರಾಡ್‌ಗೇಜ್ ಆಯಿತು, ಮೈಸೂರು–ಹಾಸನ–ಅರಸೀಕೆರೆಯೂ ಆಯಿತು. ಮೈಸೂರು–ನಂಜನಗೂಡು–ಚಾಮರಾಜನಗರದ ಮೀಟರ್‌ಗೇಜ್ ತುಂಡು ಮಾತ್ರ ನಂಟು ಕಳೆದುಕೊಂಡು ಉಳಿಯಿತು. ಬೆಂಗಳೂರಿನಿಂದ ಬಂದವರು ಮೈಸೂರಿನಲ್ಲಿ ಇಳಿದು ಬೇರೆ ಗಾಡಿ ಹತ್ತಬೇಕು. ಸರಕಾದರೆ ಇಳಿಸಿ ಮತ್ತೆ ತುಂಬಬೇಕು. ಹಾಗಿದ್ದ ಮೇಲೆ ಸರಕು ಕಳುಹಿಸುವವರು ಲಾರಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ನಂಜನಗೂಡು ಕೈಗಾರಿಕಾ ಪಟ್ಟಣವಾಗಿ ಬೆಳೆಯುತ್ತಿದ್ದ ವರ್ಷಗಳಲ್ಲೇ ಅದರ ರೈಲು ಸೊರಗಿತು.

ಕೊನೆಗೆ ಈ ತುಂಡಿನ ಸರದಿಯೂ ಬಂತು. ಬ್ರಾಡ್‌ಗೇಜಿನ ಅಂತರ 1,676 ಮಿಲಿಮೀಟರು, ಅಚ್ಚಿನ ಭಾರ ಇಪ್ಪತ್ತು ಟನ್ ದಾಟುತ್ತದೆ. ಇಷ್ಟನ್ನು ಹೊರು ಎಂದು 1735ರ ಸೇತುವೆಯನ್ನು ಕೇಳುವುದು ನ್ಯಾಯವಲ್ಲ. ಹೊಳೆಗೆ ಹೊಸ ರೈಲು ಸೇತುವೆ ಬಂತು, 2007ರಲ್ಲಿ ಹಳೆಯದಕ್ಕೆ ವಿಶ್ರಾಂತಿ ಸಿಕ್ಕಿತು. ರಸ್ತೆಗೂ ಬೇರೆ ಸೇತುವೆ ಇದೆ. ಹೊಸ ಹಳಿಯ ಮೇಲೆ ಚಾಮರಾಜನಗರದಿಂದ ತಿರುಪತಿಯವರೆಗೂ ನೇರ ರೈಲು ಓಡುತ್ತಿದೆ. ನಂಜುಂಡನ ಊರಿನವರು ಗಾಡಿ ಬದಲಿಸದೆ ತಿಮ್ಮಪ್ಪನ ಊರಿಗೆ ಹೋಗಬಹುದು.

ಹಳೆಯ ಸೇತುವೆಯನ್ನು ಪಾರಂಪರಿಕ ಸ್ಮಾರಕವೆಂದು ಸಾರಿದ್ದಾರೆ. ಸಾರುವುದು ಸುಲಭ, ಕಾಪಾಡುವುದು ಕಷ್ಟ. ಕಲ್ಲಿನ ಸಂದಿಯಲ್ಲಿ ಅರಳಿ, ಆಲದ ಸಸಿ ಬೇರು ಬಿಟ್ಟರೆ ಪ್ರವಾಹ ಮಾಡಲಾಗದ್ದನ್ನು ಆ ಬೇರು ಮಾಡಿಬಿಡುತ್ತದೆ. ಗಾರೆಯ ಬಿರುಕಿಗೆ ಸಿಮೆಂಟು ಮೆತ್ತುವುದು ಮದ್ದಲ್ಲ. ಸುಣ್ಣದ ಗಾರೆಯ ಕಟ್ಟಡ ಸ್ವಲ್ಪ ಸ್ವಲ್ಪ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಮೇಲೆ ಗಟ್ಟಿ ಸಿಮೆಂಟು ಬಿದ್ದರೆ ತೇವ ಒಳಗೇ ಸಿಕ್ಕಿ ಕಲ್ಲು ಗಾರೆ ಎರಡನ್ನೂ ತಿನ್ನುತ್ತದೆ. ಸುಣ್ಣ, ಬೆಲ್ಲ, ಅಳಲೆಕಾಯಿಯ ಗಾರೆ ಅರೆಯಬಲ್ಲ ಕೆಲಸಗಾರರು ನಮ್ಮಲ್ಲಿ ಇನ್ನೂ ಇದ್ದಾರೆ, ಅವರನ್ನು ಕರೆಯಬೇಕು. ಎರಡು ಬದಿಗೂ ಕಟಕಟೆ ಸರಿಮಾಡಿ, ನಡೆದು ದಾಟುವವರಿಗೆ ಮಾತ್ರ ಬಿಟ್ಟು, ದಳವಾಯಿಯ ಕಾಲದಿಂದ ಮೀಟರ್‌ಗೇಜಿನವರೆಗಿನ ಕತೆಯನ್ನು ಕನ್ನಡದಲ್ಲಿ ಬರೆದ ಫಲಕ ನಿಲ್ಲಿಸಿದರೆ, ದೇವಸ್ಥಾನಕ್ಕೆ ಬರುವ ಮಕ್ಕಳು ಚರಿತ್ರೆಯ ಮೇಲೆಯೇ ನಡೆದುಹೋಗುತ್ತಾರೆ. ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತು ಸಂಗ್ರಹಾಲಯವಿದೆ. ಅಲ್ಲಿರುವ ಮಹಾರಾಣಿಯ ಸಲೂನನ್ನು ನೋಡಲು ಟಿಕೆಟ್ ಕೊಳ್ಳುವ ಪ್ರವಾಸಿಗರಿಗೆ 24 ಕಿಲೋಮೀಟರು ದೂರದ ಈ ಸೇತುವೆಯ ಸುದ್ದಿಯನ್ನೂ ತಿಳಿಸಬೇಕು.

ಇನ್ನು ಮುಂದಿನ ದಾರಿಗಳ ಮಾತು. ನಂಜನಗೂಡಿನಿಂದ ಸುಲ್ತಾನ್ ಬತ್ತೇರಿಯ ಮೇಲೆ ಕೇರಳದ ನಿಲಂಬೂರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಕಾಲದ್ದು. ಕೇರಳಕ್ಕೆ ಅದು ಹತ್ತಿರದ ದಾರಿಯಾಗುತ್ತದೆ, ಒಪ್ಪೋಣ. ಆದರೆ ನಡುವೆ ಬಂಡೀಪುರವಿದೆ. ಆನೆ ಹುಲಿಗಳು ರಾತ್ರಿ ರಸ್ತೆ ದಾಟಲೆಂದು 2009ರಿಂದ ಆ ಕಾಡಿನಲ್ಲಿ ವಾಹನಗಳ ರಾತ್ರಿ ಸಂಚಾರವನ್ನೇ ನಿಲ್ಲಿಸಿದ್ದೇವೆ. ಅದೇ ಕಾಡಿನ ಎದೆಯ ಮೇಲೆ ಹೊಸದಾಗಿ ರೈಲು ಓಡಿಸುವುದು ಸಲ್ಲದು. ಸತ್ಯಮಂಗಲದ ದಾರಿಗೂ ಇದೇ ಮಾತು. ಆ ಹಳಿಗಳು ಬರಲಿಲ್ಲವೆಂದು ನನಗೆ ದುಃಖವಿಲ್ಲ.

ದುಃಖವಿರುವುದು ತಿರುಮಕೂಡಲು ನರಸೀಪುರದ ಬಗ್ಗೆ. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಕೂಡುವ ಕ್ಷೇತ್ರ, 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಊರು, ಪಕ್ಕದಲ್ಲಿ ಸೋಮನಾಥಪುರ, ತಲಕಾಡು. ತಾಲ್ಲೂಕಿನಲ್ಲಿ ಒಂದಡಿ ಹಳಿಯೂ ಇಲ್ಲ. ಇಲ್ಲಿ ಅಡ್ಡ ಬರುವ ಹುಲಿಕಾಡಿಲ್ಲ, ಏರಬೇಕಾದ ಘಟ್ಟವಿಲ್ಲ, ಇರುವುದು ಬಯಲು. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಎಂದು ಹೇಳಿದ ದಾರಿಯೂ ದಶಕಗಳಿಂದ ಕಾಗದದಲ್ಲೇ ಉಳಿದಿದೆ. ಕಾಡು ಸೀಳುವ ದಾರಿಗಳಿಗಾಗಿ ಕಳೆದ ಕಾಲದಲ್ಲಿ ಬಯಲಿನ ಈ ದಾರಿಗೆ ಪಟ್ಟು ಹಿಡಿದಿದ್ದರೆ ಇಷ್ಟು ಹೊತ್ತಿಗೆ ಕೊಳ್ಳೇಗಾಲದವರಾದರೂ ರೈಲು ಕಾಣುತ್ತಿದ್ದರು.

ಹೊಸ ದಾರಿಗೆ ಕಾಯಬೇಕು, ಇರುವ ದಾರಿಗೆ ಕಾಯಬೇಕಾಗಿಲ್ಲ. ಕಡಕೊಳ, ತಾಂಡವಪುರ, ಅಡಕನಹಳ್ಳಿ, ಹಿಮ್ಮಾವಿನಿಂದ ನಂಜನಗೂಡಿನವರೆಗೆ ಹೆದ್ದಾರಿಯ ಎರಡೂ ಬದಿಗೆ ಕಾರ್ಖಾನೆಗಳು ಎದ್ದಿವೆ. ಅವುಗಳಲ್ಲಿ ಬಹಳಷ್ಟು ಚಿಕ್ಕಯ್ಯನಛತ್ರ ಹೋಬಳಿಯ ಎಲ್ಲೆಯಲ್ಲೇ ಇವೆ. ಪಾಳಿ ಬಿಟ್ಟ ಹೊತ್ತಿನಲ್ಲಿ ಹೆದ್ದಾರಿಯ ಬದಿಯಲ್ಲಿ ಬಸ್ಸಿಗೆ ಕಾಯುವ, ಬೈಕಿನಲ್ಲಿ ಲಾರಿಗಳ ನಡುವೆ ನುಗ್ಗುವ ಹುಡುಗ ಹುಡುಗಿಯರನ್ನು ಯಾರು ಬೇಕಾದರೂ ನೋಡಬಹುದು. ಕಪಿಲೆ ತುಂಬಿ ಬಂದ ವರ್ಷ ಮಲ್ಲನಮೂಲೆ ಮಠದ ಬಳಿ ಆ ಹೆದ್ದಾರಿಯ ಮೇಲೂ ನೀರು ನಿಲ್ಲುತ್ತದೆ. ಪಕ್ಕದಲ್ಲೇ ಹಳಿಯಿದೆ, ತಾಂಡವಪುರದಲ್ಲಿ ಸ್ಟೇಷನ್ ಇದೆ, ಸುಜಾತಪುರಂನಲ್ಲಿ ನಿಲುಗಡೆ ಇದೆ. ಬೆಂಗಳೂರಿನಿಂದ ಬರುವ ಹಲವು ರೈಲುಗಳನ್ನು ಈಗ ಮೈಸೂರು ದಾಟಿಸಿ ಅಶೋಕಪುರಂವರೆಗೆ ತರುತ್ತಿದ್ದಾರೆ. ಅಲ್ಲಿಂದ ನಂಜನಗೂಡು ಅರ್ಧ ಗಂಟೆಯ ದಾರಿ. ಆ ರೈಲುಗಳಲ್ಲಿ ಕೆಲವನ್ನಾದರೂ ನಂಜನಗೂಡಿನವರೆಗೆ ಓಡಿಸಲಿ. ಕಾರ್ಖಾನೆಗಳ ಮೂರು ಪಾಳಿಗೆ ಹೊಂದುವ ಹೊತ್ತಿಗೆ ಮೈಸೂರು–ನಂಜನಗೂಡು ನಡುವೆ ಸಣ್ಣ ಮೆಮು ಗಾಡಿಗಳನ್ನು ಬಿಡಲಿ. ಸೋಮವಾರ, ಹುಣ್ಣಿಮೆ, ಜಾತ್ರೆಯ ದಿನಗಳಲ್ಲಿ ಅವೇ ಗಾಡಿಗಳು ಯಾತ್ರಿಕರಿಗೂ ಆಗುತ್ತವೆ. ಈ ಭಾಗದ ಸಂಸದರು, ಶಾಸಕರು ನಿಲಂಬೂರಿನ ಚರ್ಚೆಯನ್ನು ಬದಿಗಿಟ್ಟು ಮೊದಲು ಈ ವೇಳಾಪಟ್ಟಿಯನ್ನು ಕೇಳಿ ಪಡೆಯಲಿ. ಇದಕ್ಕೆ ಹೊಸ ಜಮೀನೂ ಬೇಡ, ಹೊಸ ಸೇತುವೆಯೂ ಬೇಡ.